ಟ್ಯಾಂಕಿನ ತಳದ ಅಡಿಯಲ್ಲಿರುವ ತುಕ್ಕನ್ನು ಒಳಗಿನಿಂದಲೇ ಪತ್ತೆ ಮಾಡಬಹುದೇ?

ಎಣ್ಣೆ ತುಂಬಿಡುವ ಉಕ್ಕಿನ ಟ್ಯಾಂಕಿನ ತಳ ಒಳಗಿನಿಂದ ಚೆನ್ನಾಗಿಯೇ ಕಾಣುತ್ತಿದೆ, ನೆಲಕ್ಕೆ ತಾಗಿದ ಬದಿಗೆ ತುಕ್ಕು ಹಿಡಿದಿದೆಯೇ ಎಂದು ಎಡ್ಡಿ ಕರೆಂಟ್ ಉಪಕರಣದಿಂದ (ಲೋಹದಲ್ಲಿ ಸುಳಿ ವಿದ್ಯುತ್ ಪ್ರವಾಹ ಹುಟ್ಟಿಸಿ ದೋಷ ಹುಡುಕುವ ಸಾಧನದಿಂದ) ತಿಳಿಯಬಹುದೇ ಎಂದು ಕೇಳಿದ್ದೀರಿ.

ಸಾಮಾನ್ಯ ಎಡ್ಡಿ ಕರೆಂಟ್ ಇದಕ್ಕೆ ಆಗಿಬರುವುದಿಲ್ಲ. ಕಾರ್ಬನ್ ಸ್ಟೀಲ್, ಅಂದರೆ ಸಾಮಾನ್ಯ ಉಕ್ಕು, ಕಾಂತಗುಣವುಳ್ಳ ಲೋಹವಾದ್ದರಿಂದ ಉಪಕರಣದ ಕಾಯಿಲ್ (ತಂತಿಯ ಸುರುಳಿ) ಹುಟ್ಟಿಸುವ ಸುಳಿ ಪ್ರವಾಹ ಮೇಲ್ಪದರದಲ್ಲೇ ಕುಂದಿಹೋಗುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಅದರ ಆಳ 1 ಮಿ.ಮೀ. ಕೂಡ ಇರುವುದಿಲ್ಲ. ಹಾಗಾಗಿ 6 ಮಿ.ಮೀ. ಪ್ಲೇಟಿನ ಆಚೆ ಬದಿ ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಟ್ಯಾಂಕು ಕಾಂತಗುಣವಿಲ್ಲದ 304 ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ಮಾತು ಬೇರೆ: ಅಲ್ಲಿ ಅದೇ ಫ್ರೀಕ್ವೆನ್ಸಿಯಲ್ಲಿ 10 ಮಿ.ಮೀ. ದಾಟಿ ಇಳಿಯುತ್ತದೆ.

ಕಾರ್ಬನ್ ಸ್ಟೀಲ್ ತಳಕ್ಕೆ ನಾವು ಬಳಸುವುದು ಎಂ.ಎಫ್.ಎಲ್., ಅಂದರೆ ಕಾಂತಕ್ಷೇತ್ರದ ಸೋರಿಕೆ ಹಿಡಿಯುವ ವಿಧಾನ. ಬಲವಾದ ಆಯಸ್ಕಾಂತಗಳಿರುವ ಗಾಡಿಯೊಂದನ್ನು ಪ್ಲೇಟಿನ ಮೇಲೆ ಓಡಿಸುತ್ತೇವೆ. ಉಕ್ಕು ಕಾಂತಕ್ಷೇತ್ರದಿಂದ ಹೆಚ್ಚುಕಡಿಮೆ ತುಂಬಿಹೋಗಿರುತ್ತದೆ. ಎಲ್ಲಿ ಪ್ಲೇಟು ಸವೆದಿದೆಯೋ ಅಲ್ಲಿ ಜಾಗ ಸಾಲದೆ ಕ್ಷೇತ್ರ ಹೊರಗೆ ಚೆಲ್ಲುತ್ತದೆ, ಆಯಸ್ಕಾಂತಗಳ ನಡುವೆ ಇರುವ, ಕಾಂತಕ್ಷೇತ್ರ ಗುರುತಿಸುವ ಹಾಲ್ ಸೆನ್ಸರ್‌ಗಳ ಸಾಲು ಅದನ್ನು ಹಿಡಿಯುತ್ತದೆ. ತುಕ್ಕು ಅಡಿಯಲ್ಲಿದ್ದರೂ ಸಿಗ್ನಲ್ ಬರುತ್ತದೆ.

ಆದರೆ ಆ ಸಿಗ್ನಲ್ಲನ್ನೇ ದಪ್ಪದ ಅಳತೆ ಎಂದು ದಯವಿಟ್ಟು ಓದಬೇಡಿ. ಅದು ಆಳದ ಜೊತೆಗೆ ಗುಂಡಿಯ ಅಗಲ, ಆಕಾರಗಳನ್ನೂ ಅವಲಂಬಿಸಿದೆ. ಕಿರಿದಾದ ಆಳದ ಗುಂಡಿ, ಅಗಲವಾದ ಆಳವಿಲ್ಲದ ಸವೆತಕ್ಕಿಂತ ದುರ್ಬಲ ಸಿಗ್ನಲ್ ಕೊಡಬಹುದು, ತೂತು ಬೀಳುವುದು ಮಾತ್ರ ಆ ಕಿರಿದಾದದ್ದರಿಂದಲೇ. ಆದ್ದರಿಂದ ಗಾಡಿ ತೋರಿಸಿದ ಜಾಗಕ್ಕೆ ಚಾಕ್‌ನಿಂದ ಗುರುತು ಹಾಕಿ, ಕಿವಿಗೆ ಕೇಳದ ಧ್ವನಿ ತರಂಗ ಬಳಸುವ ಅಲ್ಟ್ರಾಸಾನಿಕ್‌ನಿಂದ ಉಳಿದ ದಪ್ಪ ಅಳೆಯಲೇಬೇಕು. ಕೆಸರು, ವೆಲ್ಡಿಂಗ್ ಸಿಡಿತ, ಪದರು ಪದರಾಗಿ ಎದ್ದ ತುಕ್ಕು ಇದ್ದರೆ ಗಾಡಿ ಕುಲುಕಿ ಸುಳ್ಳು ಸಿಗ್ನಲ್‌ಗಳು ಬರುತ್ತವೆ. ಮೊದಲು ಟ್ಯಾಂಕನ್ನು ಬರಿದು ಮಾಡಿ, ಗ್ಯಾಸ್ ಇಲ್ಲವೆಂದು ಖಾತ್ರಿಪಡಿಸಿಕೊಂಡು, ಚೆನ್ನಾಗಿ ಸ್ವಚ್ಛಗೊಳಿಸಿ.

ನನಗೆ ಹೆಚ್ಚು ಆತಂಕದ ಜಾಗ ಗೋಡೆಯ ಬುಡ. ಗೋಡೆ ಅಡ್ಡ ಬರುವುದರಿಂದ ದೊಡ್ಡ ಗಾಡಿ ಅಲ್ಲಿಯವರೆಗೆ ಹೋಗುವುದಿಲ್ಲ. ಮಳೆನೀರು ಹೊರಗಿನಿಂದ ನುಸುಳಿ ತಳದಡಿ ಸೇರುವುದೂ ಅಲ್ಲಿಂದಲೇ. ಆ ಪಟ್ಟಿಯನ್ನು ಚಿಕ್ಕ ಕೈ ಸ್ಕ್ಯಾನರ್ ಇಲ್ಲವೇ ಅಲ್ಟ್ರಾಸಾನಿಕ್‌ನಿಂದ ನೋಡದೆ ಕೊಟ್ಟ ವರದಿಗೆ ನಾನಂತೂ ಸಹಿ ಹಾಕುವುದಿಲ್ಲ.

ಕೆಲಸ ವಹಿಸುವ ಮುನ್ನ, ನಿಮ್ಮ ತಳದಷ್ಟೇ ದಪ್ಪದ, ಅಂಥದೇ ಲೇಪನವಿರುವ, ಗೊತ್ತಿರುವ ಆಳದ ಗುಂಡಿಗಳನ್ನು ಕೊರೆದ ಮಾದರಿ ಪ್ಲೇಟಿನ ಮೇಲೆ ಯಂತ್ರವನ್ನು ಓಡಿಸಿ ತೋರಿಸಲು ಕೇಳಿ.