ಮ್ಯಾಟ್ರಿಕ್ಸನ್ನು ಎರಡು ಹರ್ಮಿಷಿಯನ್ ಮ್ಯಾಟ್ರಿಕ್ಸ್‌ಗಳಾಗಿ ಒಡೆದರೆ ಉತ್ತರ ಯಾಕೆ ಕೆಡುತ್ತದೆ?

ರಿಯಲ್ ಮ್ಯಾಟ್ರಿಕ್ಸನ್ನು ಐಗನ್‌ವೆಕ್ಟರ್ (ಮ್ಯಾಟ್ರಿಕ್ಸಿನಿಂದ ಗುಣಿಸಿದರೂ ಅದೇ ರೇಖೆಯಲ್ಲೇ ಉಳಿಯುವ ವೆಕ್ಟರ್) ಬಳಸಿ ಎರಡು ಹರ್ಮಿಷಿಯನ್ ಮ್ಯಾಟ್ರಿಕ್ಸ್‌ಗಳಾಗಿ ಒಡೆದೆ, ಮತ್ತೆ ಗುಣಿಸಿದರೆ ಮೊದಲಿನದು ಬರುತ್ತಿಲ್ಲ, ಹೀಗೆ ಒಡೆಯುವುದೇ ಅಸ್ಥಿರವಾ ಅಂತ ಕೇಳಿದ್ದೀರಿ. ಕೆಡಿಸುತ್ತಿರುವುದು ಐಗನ್‌ವೆಕ್ಟರ್ ದಾರಿ. ಯಾವ ರಿಯಲ್ ಚೌಕ ಮ್ಯಾಟ್ರಿಕ್ಸನ್ನಾದರೂ ಎರಡು ರಿಯಲ್ ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಬರೆಯಬಹುದು ಅಂತ ಗಣಿತಜ್ಞ ಫ್ರೊಬೇನಿಯಸ್ 1910ರಲ್ಲೇ ತೋರಿಸಿದ್ದಾರೆ. ಸಿಮೆಟ್ರಿಕ್ ಅಂದರೆ ಸಾಲು-ಕಂಬ ಅದಲುಬದಲು ಮಾಡಿದರೂ (ಟ್ರಾನ್ಸ್‌ಪೋಸ್) ಬದಲಾಗದ್ದು, ರಿಯಲ್ ಸಂಖ್ಯೆಗಳಲ್ಲಿ ಹರ್ಮಿಷಿಯನ್ ಅಂದರೂ ಇದೇ.

ಒಂದು ಸಣ್ಣ ಮ್ಯಾಟ್ರಿಕ್ಸ್ ತಗೊಳ್ಳಿ. ಮೊದಲ ಸಾಲು 1, 1. ಎರಡನೇ ಸಾಲು 0, 1.00000001. ಇದರ ಎರಡು ಐಗನ್‌ವೆಕ್ಟರ್‌ಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿವೆ, ಅಲ್ವಾ? ನಿಮ್ಮ ದಾರಿಯಲ್ಲಿ ಆ ವೆಕ್ಟರ್‌ಗಳ ಮ್ಯಾಟ್ರಿಕ್ಸನ್ನು ಇನ್ವರ್ಸ್ ಮಾಡಿ, ಅದರ ಟ್ರಾನ್ಸ್‌ಪೋಸ್ ಜೊತೆ ಗುಣಿಸಬೇಕು, ಅಂದರೆ ಕಂಡಿಷನ್ ನಂಬರ್ (ಸಣ್ಣ ತಪ್ಪು ಎಷ್ಟು ದೊಡ್ಡದಾಗಬಹುದು ಅನ್ನುವ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) ಸುಮ್ನೆ ವರ್ಗವಾಗಿಬಿಡುತ್ತದೆ. ಹಾಗೆ ಬರುವ ತುಂಡಿನ ಒಂದು ಮೂಲೆಯಲ್ಲಿ 1, ಇನ್ನೊಂದು ಮೂಲೆಯಲ್ಲಿ ಸುಮಾರು 2 × 10¹⁶. ಕಂಪ್ಯೂಟರ್ ಸಾಮಾನ್ಯವಾಗಿ ಬಳಸುವ ಡಬಲ್ ಪ್ರಿಸಿಷನ್‌ನಲ್ಲಿ ಇರುವುದೇ 16 ಅಂಕೆಯಷ್ಟು. ಅಲ್ಲಿಗೆ ಮುಗಿಯಿತು.

ಐಗನ್‌ವೆಕ್ಟರ್ ಬಿಟ್ಟುಬಿಡಿ. ನಿಮ್ಮ ಮ್ಯಾಟ್ರಿಕ್ಸ್ ಎ ಅಂತಿರಲಿ. ಸ·ಎ ಕೂಡ ಸಿಮೆಟ್ರಿಕ್ ಆಗುವಂಥ ಒಂದು ಸಿಮೆಟ್ರಿಕ್ ಸ ಹುಡುಕಿ. ಇವು ಬರೀ ಲೀನಿಯರ್ ಸಮೀಕರಣಗಳು, ಪರಿಹಾರಗಳೂ ಬೇಕಾದಷ್ಟಿರುತ್ತವೆ. ಅವುಗಳಲ್ಲಿ ಕಂಡಿಷನ್ ಚೆನ್ನಾಗಿರುವ ಸ ಆರಿಸಿ, ಅದರ ಇನ್ವರ್ಸನ್ನು ಎ ಬಲಕ್ಕೆ ಗುಣಿಸಿದರೆ ಇನ್ನೊಂದು ತುಂಡು ಸಿಗುತ್ತದೆ. ಮೇಲಿನ ಉದಾಹರಣೆಗೆ ಸ ಹೀಗಿದೆ: ಮೊದಲ ಸಾಲು −0.00000001, 1, ಎರಡನೇ ಸಾಲು 1, 0. ಎಡದ ತುಂಡು: 1, 1.00000001, ಕೆಳಗೆ 1.00000001, 0.0000000100000001. ಪೆನ್ನು ಹಿಡಿದು ಗುಣಿಸಿ ನೋಡಿ, ಎ ಸರಿಯಾಗಿ ಬರುತ್ತದೆ, ಎಲ್ಲೂ ದೊಡ್ಡ ಸಂಖ್ಯೆಯೇ ಇಲ್ಲ! ಐಗನ್‌ವೆಕ್ಟರ್ ದಾರಿ ಒಂದು ತುಂಡನ್ನು ಪಾಸಿಟಿವ್ ಡೆಫಿನಿಟ್ (ಐಗನ್‌ವ್ಯಾಲ್ಯೂಗಳೆಲ್ಲ, ಅಂದರೆ ಐಗನ್‌ವೆಕ್ಟರ್ ಎಷ್ಟು ಪಟ್ಟಾಗುತ್ತದೆ ಅನ್ನುವ ಸಂಖ್ಯೆಗಳೆಲ್ಲ, ಸೊನ್ನೆಗಿಂತ ಹೆಚ್ಚು) ಮಾಡಲು ಹೋಗಿತ್ತು. ಆ ಹಟ ಬಿಟ್ಟಿದ್ದಕ್ಕೇ ಇದು ಸಾಧ್ಯವಾಯಿತು. ಎರಡು ಐಗನ್‌ವ್ಯಾಲ್ಯೂ ಪೂರ್ತಿ ಒಂದೇ ಆದರೂ ಈ ತುಂಡುಗಳು ಕೆಡುವುದಿಲ್ಲ.

ಮೂರು ತುಂಡಾದರೂ ಪರವಾಗಿಲ್ಲ ಅಂತಿದ್ದರೆ ಇನ್ನೂ ಜಾಸ್ತಿ ನೆಮ್ಮದಿ, ನಾನಂತೂ ಇದನ್ನೇ ಆರಿಸುತ್ತೇನೆ. ಮೊದಲು ಪೋಲಾರ್ ಡಿಕಂಪೊಸಿಷನ್ ಮಾಡಿ: ಒಂದು ಆರ್ಥೋಗೊನಲ್ (ಉದ್ದ, ಕೋನ ಬದಲಿಸದ್ದು), ಒಂದು ಸಿಮೆಟ್ರಿಕ್, ಇವೆರಡರ ಗುಣಲಬ್ಧವೇ ಎ. ಆರ್ಥೋಗೊನಲ್ ತುಂಡನ್ನು ರಿಯಲ್ ಶೂರ್ ರೂಪಕ್ಕೆ (ಅಕ್ಷಗಳನ್ನು ತಿರುಗಿಸಿ ಸರಳ ಮಾಡಿದ ರೂಪ) ತಂದರೆ ಉಳಿಯುವುದು ±1 ಮತ್ತು 2×2 ತಿರುಗುವಿಕೆಗಳು ಮಾತ್ರ, ಒಂದೊಂದು ತಿರುಗುವಿಕೆಯೂ ಎರಡು ಕನ್ನಡಿ ಪ್ರತಿಬಿಂಬಗಳ ಗುಣಲಬ್ಧ, ಪ್ರತಿಬಿಂಬ ಯಾವತ್ತೂ ಸಿಮೆಟ್ರಿಕ್. ಆ ಎರಡರ ಕಂಡಿಷನ್ ನಂಬರ್ 1, ಮೂರನೆಯದ್ದು ಎ ಮ್ಯಾಟ್ರಿಕ್ಸಿನದ್ದೇ.

ಇನ್ನೊಂದು ವಿಷಯ. ಎರಡು ಸಲ ಓಡಿಸಿದಾಗ ಬೇರೆ ಬೇರೆ ತುಂಡು ಬಂದರೆ ಗಾಬರಿಯಾಗಬೇಡಿ, ಒಡೆಯುವ ಬಗೆ ಒಂದೇ ಅಲ್ಲ. ಗುಣಿಸಿದ ಮೇಲೆ ಎ ಜೊತೆ ಎಷ್ಟು ವ್ಯತ್ಯಾಸ ಉಳಿಯಿತು ಅನ್ನುವುದನ್ನಷ್ಟೇ ಅಳೆಯಿರಿ.