ಬೀದರ್‌ನಲ್ಲಿ ನೆಲದಡಿ ನೋಡಿದ್ದೀರಾ?

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ಬೀದರ್ ಕೋಟೆ, ಗವಾನ್ ಮದರಸಾ, ಗುರುದ್ವಾರ, ನರಸಿಂಹ ಝರಣಿ ಎಲ್ಲ ನೋಡಿಯಾಯಿತು. ಡಿಸೆಂಬರ್‌ನಲ್ಲಿ ಮದುವೆಗೆ ಮತ್ತೆ ಹೋಗಬೇಕು. ಯಾರೂ ತೋರಿಸದ ಹಳೇ ಜಾಗ ಏನಾದರೂ ಉಳಿದಿದೆಯಾ?"

ಸಂಪಾದಕರ ಉತ್ತರ:

ಉಳಿದಿದೆ. ಅದರ ಅರ್ಧ ಗುಟ್ಟು ನೀವು ಆಗಲೇ ನೋಡಿ ಬಂದಿದ್ದೀರಿ. ಗುರುದ್ವಾರದ ಹತ್ತಿರ ಕಲ್ಲಿನ ಸಂದಿಯಿಂದ ಸಿಹಿನೀರು ಬರುತ್ತದಲ್ಲ, ಝರಣಿ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದುಕೊಂಡು ದೇವರ ಹತ್ತಿರ ಹೋಗುತ್ತೇವಲ್ಲ, ಆ ನೀರೆಲ್ಲ ಬರುವುದು ಜಂಬಿಟ್ಟಿಗೆ ಕಲ್ಲಿನಿಂದ. ಬೀದರ್ ಕೂತಿರುವುದೇ ಆ ಕಲ್ಲಿನ ದಿಬ್ಬದ ಮೇಲೆ. ಅದರ ತುಂಬಾ ತೂತು. ಮಳೆ ನೀರು ಸಲೀಸಾಗಿ ಒಳಗಿಳಿದು, ಕೆಳಗೆ ಗಟ್ಟಿ ಪದರ ಸಿಕ್ಕ ಕಡೆ ನಿಂತು, ಪಕ್ಕಕ್ಕೆ ಹರಿಯುತ್ತದೆ.

ಹರಿಯುವ ಆ ನೀರಿಗೆ ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಮನುಷ್ಯರೇ ದಾರಿ ಕೊರೆದರು. ವಿದ್ಯೆ ಪರ್ಷಿಯಾದ್ದು, ಹೆಸರು ಕರೇಜ್. ಸುರಂಗ ಬಾವಿ ಅಂತಲೂ ಅನ್ನುತ್ತಾರೆ. ಊರ ಅಂಚಿನ ನೌಬಾದ್‌ಗೆ ಹೋಗಿ. ಅಲ್ಲಿನ ಸುರಂಗ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಮೇಲಿನಿಂದ ನೋಡಿದರೆ ಸಾಲಾಗಿ ಒಂದಷ್ಟು ಹಾಳುಬಾವಿ, ಅಷ್ಟೇ. ಆದರೆ ಅವು ಬಾವಿಗಳೇ ಅಲ್ಲ, ಸುರಂಗಕ್ಕೆ ಗಾಳಿ ಬೆಳಕು ಬಿಡುವ ಕಿಂಡಿಗಳು, ಅಗೆಯುವಾಗ ಮಣ್ಣು ಮೇಲೆತ್ತಿದ್ದೂ, ಆಮೇಲೆ ಹೂಳು ತೆಗೆದದ್ದೂ ಅಲ್ಲಿಂದಲೇ. ತಳಕ್ಕೆ ಸ್ವಲ್ಪವೇ ಇಳಿಜಾರು ಕೊಟ್ಟಿದ್ದಾರೆ. ಜಾಸ್ತಿ ಕೊಟ್ಟರೆ ನೀರು ನೆಲ ಕೊರೆಯುತ್ತದೆ, ಕಮ್ಮಿಯಾದರೆ ಹೂಳು ಕೂರುತ್ತದೆ. ಯಂತ್ರ ಇಲ್ಲ, ಎತ್ತು ಇಲ್ಲ, ನೀರು ತಾನೇ ಬರಬೇಕು. ನನ್ನನ್ನು ಕೇಳಿದರೆ ಮದರಸಾದ ಬಣ್ಣದ ಹೆಂಚಿಗಿಂತ ಇದು ದೊಡ್ಡ ಕೆಲಸ (ಬೀದರ್‌ನವರು ಜಗಳಕ್ಕೆ ಬಂದರೂ ಪರವಾಗಿಲ್ಲ).

ಇಷ್ಟು ವರ್ಷ ಯಾರೂ ತೋರಿಸಲಿಲ್ಲ ಏಕೆ ಅಂದರೆ, ನಲ್ಲಿ ಬಂದ ಮೇಲೆ ಕಿಂಡಿಗಳೆಲ್ಲ ಕಸದ ಗುಂಡಿಗಳಾದವು. ಸುಮಾರು ಹತ್ತು ವರ್ಷದ ಹಿಂದೆ ಹೂಳು ತೆಗೆಸುವ ಕೆಲಸ ನಡೆದಾಗಲೇ ಎಷ್ಟೋ ಜನಕ್ಕೆ ಇಂಥದ್ದೊಂದು ಇದೆ ಅಂತ ಗೊತ್ತಾದದ್ದು.

ಕೋಟೆ ನೋಡಿದ್ದೇವೆ ಅಂದಿರಿ, ರಂಗೀನ್ ಮಹಲ್ ಒಳಗೆ ಹೋಗಿದ್ದಿರಾ? ಅದಕ್ಕೆ ಸಾಮಾನ್ಯವಾಗಿ ಬೀಗ ಇರುತ್ತದೆ. ಸುಮ್ನೆ ವಾಪಸ್ ಬರಬೇಡಿ, ಕೋಟೆಯಲ್ಲೇ ಇರುವ ಪುರಾತತ್ವ ಇಲಾಖೆಯವರನ್ನು ಕೇಳಿ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಒಳಗಿದೆ. ಸಮಯ ಮಿಕ್ಕರೆ ಅಷ್ಟೂರಿನ ಅಹ್ಮದ್ ಶಾ ಗೋರಿಗೂ ಹೋಗಿ. ಅಲ್ಲಿಗೆ ಟಾರ್ಚ್ ಬೇಕು, ಚಿತ್ರಗಳೆಲ್ಲ ಗುಮ್ಮಟದ ಒಳಮೈಯಲ್ಲಿ ಕತ್ತಲಲ್ಲಿವೆ.

ಮಕ್ಕಳು ಜೊತೆಗಿದ್ದರೆ ಕರೇಜ್ ಕಿಂಡಿಯ ಅಂಚಿಗೆ ಮಾತ್ರ ಬಿಡಬೇಡಿ. ಊರಿನವರು ಯಾರಾದರೂ ಜೊತೆಗಿಲ್ಲದೆ ನೀವೂ ಕೆಳಗಿಳಿಯಬೇಡಿ.