ಸಿಗರೇಟ್ ಬಿಡೋಕೆ ಡಾಕ್ಟರ ಬದಲು ಆ್ಯಪ್ ಯಾಕೆ?
ನಿಮ್ಮ ಅಣ್ಣ ಡಾಕ್ಟರ ಹತ್ತಿರ ಹೋಗಲು ಒಪ್ಪದೆ, ಸಿಗರೇಟ್ ಬಿಡಲು ಆ್ಯಪ್ ಹಾಕಿಕೊಂಡಿದ್ದು ಯಾಕೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ ಸಂಕೋಚ ಅನಿಸುತ್ತದೆ. ಆ್ಯಪ್ ಮುಂದೆ ತಲೆ ತಗ್ಗಿಸಿ ಕೂರಬೇಕಿಲ್ಲ, ಬೈಗುಳವೂ ಇಲ್ಲ. ಜೊತೆಗೆ, ಸೇದಬೇಕೆಂಬ ಚಡಪಡಿಕೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಊಟವಾದ ಮೇಲೋ, ಟೀ ಅಂಗಡಿ ಮುಂದೋ, ಆ ಹೊತ್ತಿಗೆ ಕೈಯಲ್ಲಿರುವುದು ಫೋನೇ ಅಲ್ವಾ? ಸಿಗರೇಟ್ ಬಿಟ್ಟು ಉಳಿದ ದುಡ್ಡಿನ ಲೆಕ್ಕ ಆ್ಯಪ್‌ನಲ್ಲಿ ಕಣ್ಣಿಗೆ ಬಿದ್ದರೆ ಹುರುಪೂ ಬರುತ್ತದೆ.

ಆದರೆ ತುಂಬಾ ಜನ ಸ್ವಲ್ಪ ದಿನಕ್ಕೇ ಆ್ಯಪ್ ತೆರೆಯುವುದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಮಾತಾಡಲು ಒಬ್ಬ ಮನುಷ್ಯರೂ ಇರಲಿ. ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.